ಡಿಕ್ಕಿಯಲ್ಲಿ ಊಫರ್ ಬಚ್ಚಿಡುವುದು, ಬಾಸ್ ಕಳೆಯದ ಹಾಗೆ

ಬಳ್ಳಾರಿ, ರಾಯಚೂರು ಕಡೆ ಕಾರ್ ಆಡಿಯೊ ಕೆಲಸ ಕಲಿಯುತ್ತಿರುವ ಗೆಳೆಯರಿಗೆ ಈ ಟಿಪ್ಪಣಿ. ಗಿರಾಕಿ ಕೇಳುವುದು ಸಾಮಾನ್ಯವಾಗಿ ಎರಡೇ ಮಾತು. ಬಾಸ್ ಗಟ್ಟಿಯಾಗಿ ಬರಬೇಕು, ಡಿಕ್ಕಿ ತೆಗೆದರೆ ಊಫರ್ (ಬಾಸ್ ಕೊಡುವ ದೊಡ್ಡ ಸ್ಪೀಕರ್) ಕೂರಿಸಿದ ಬಾಕ್ಸ್ ಕಾಣಬಾರದು. ಸಾಮಾನಿಗೆ ಜಾಗ ಬೇಕು, ಕಳ್ಳರ ಕಣ್ಣಿಗೂ ಬೀಳಬಾರದು. ಕೇಳುವುದರಲ್ಲಿ ತಪ್ಪೇನಿಲ್ಲ. "ಮುಚ್ಚಿದರೆ ಸೌಂಡ್ ಹೋಗುತ್ತೆ ಅಣ್ಣಾ" ಅಂತ ನಾವು ಹೇಳಿಬಿಡುತ್ತೇವೆ. ಆ ಮಾತು ಅರ್ಧ ನಿಜ. ಮುಚ್ಚಿದ ಮಾತ್ರಕ್ಕೆ ಬಾಸ್ ಹೋಗುವುದಿಲ್ಲ. ಗಾಳಿಯ ದಾರಿ ಕಟ್ಟಿದರೆ ಹೋಗುತ್ತದೆ, ಬಾಕ್ಸಿನ ಲೀಟರ್ (ಒಳಗಿನ ಜಾಗ) ಕಡಿಮೆ ಮಾಡಿದರೆ ಹೋಗುತ್ತದೆ, ಸುತ್ತಲಿನ ತಗಡು ನಡುಗಿದರೆ ಹೋಗುತ್ತದೆ. ಈ ಮೂರನ್ನು ನೋಡಿಕೊಂಡರೆ ಊಫರ್ ಎಲ್ಲಿದೆ ಅಂತ ಕಿವಿಗೆ ಗೊತ್ತೇ ಆಗುವುದಿಲ್ಲ.

ಬಾಸ್‌ಗೆ ಯಾಕೆ ಅಡ್ಡಿಯಾಗುವುದಿಲ್ಲ?

ಗಾಳಿಯಲ್ಲಿ ಸೌಂಡ್ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಇದನ್ನು ಫ್ರೀಕ್ವೆನ್ಸಿಯಿಂದ ಭಾಗಿಸಿದರೆ ಅಲೆಯ ಉದ್ದ ಸಿಗುತ್ತದೆ. 80 ಹರ್ಟ್ಸ್‌ನ ಅಲೆ 4.3 ಮೀಟರ್, 40 ಹರ್ಟ್ಸ್‌ನದು 8.6 ಮೀಟರ್. ಅಂದರೆ 40 ಹರ್ಟ್ಸ್‌ನ ಒಂದು ಅಲೆ ಇಡೀ ಸ್ವಿಫ್ಟ್ ಕಾರಿನ ಎರಡು ಪಟ್ಟಿಗಿಂತ ಉದ್ದ. ಇಷ್ಟು ಉದ್ದದ ಅಲೆಗೆ ಸೀಟು, ಕಾರ್ಪೆಟ್, ಹಲಗೆಯ ಅಂಚು ಯಾವುದೂ ಲೆಕ್ಕಕ್ಕಿಲ್ಲ. ಸುತ್ತಿಕೊಂಡು ಹೋಗುತ್ತದೆ. 4,000 ಹರ್ಟ್ಸ್‌ನ ಅಲೆ 9 ಸೆಂಟಿಮೀಟರ್ ಕೂಡ ಇರುವುದಿಲ್ಲ. ಟ್ವೀಟರ್ ಮುಂದೆ ಕೈ ಇಟ್ಟರೆ ಸೌಂಡ್ ಮಂಕಾಗುವುದು ಅದಕ್ಕೇ.

ಇನ್ನೊಂದು ಲಾಭವೂ ಇದೆ. ಸುಮಾರು 80 ಹರ್ಟ್ಸ್‌ಗಿಂತ ಕೆಳಗೆ ಸೌಂಡ್ ಯಾವ ದಿಕ್ಕಿನಿಂದ ಬಂತು ಅಂತ ಕಾರಿನೊಳಗೆ ನಮ್ಮ ಕಿವಿಗೆ ಹಿಡಿಯಲು ಆಗುವುದಿಲ್ಲ. ಹಾಗಾದರೆ ಕೆಲವು ಕಾರಿನಲ್ಲಿ ಬಾಸ್ ಬೆನ್ನ ಹಿಂದಿನಿಂದ ಬಂದ ಹಾಗೆ ಯಾಕೆ ಕೇಳುತ್ತದೆ? ಲೋ ಪಾಸ್ (ಕೆಳಗಿನ ಫ್ರೀಕ್ವೆನ್ಸಿ ಮಾತ್ರ ಊಫರಿಗೆ ಬಿಡುವ ಫಿಲ್ಟರ್) ಅನ್ನು 120ಕ್ಕೋ 150ಕ್ಕೋ ಇಟ್ಟಿರುತ್ತಾರೆ, ಗಂಡಸರ ದನಿಯೂ ಡಿಕ್ಕಿಯಿಂದ ಬರಲು ಶುರುವಾಗುತ್ತದೆ. ಇಲ್ಲವೇ ಡಿಕ್ಕಿಯಲ್ಲಿ ಏನೋ ಒಂದು ಗಡಗಡ ಅನ್ನುತ್ತಿರುತ್ತದೆ. ಆ ಗಡಗಡದಲ್ಲಿ ಮೇಲಿನ ಫ್ರೀಕ್ವೆನ್ಸಿಗಳಿರುತ್ತವೆ. ಕಿವಿ ಅದನ್ನೇ ಹಿಡಿದು ಜಾಗ ಗುರುತಿಸುತ್ತದೆ.

ಹ್ಯಾಚ್‌ಬ್ಯಾಕ್ ಬೇರೆ, ಸೆಡಾನ್ ಬೇರೆ

ಇದನ್ನು ಮೊದಲು ನೋಡದೆ ಮರ ಕತ್ತರಿಸಬೇಡಿ. ಸ್ವಿಫ್ಟ್, ಐ20, ಕ್ರೆಟಾ ತರಹದ ಗಾಡಿಯಲ್ಲಿ ಡಿಕ್ಕಿಯೂ ಕ್ಯಾಬಿನ್ನೂ ಒಂದೇ ಕೋಣೆ. ಮಧ್ಯೆ ಇರುವುದು ಒಂದು ಹಗುರ ಪಾರ್ಸೆಲ್ ಟ್ರೇ ಮಾತ್ರ. ಅಲ್ಲಿ ಬಾಸ್ ಮುಂದೆ ಬರಲು ತೊಂದರೆಯೇ ಇಲ್ಲ. ಡಿಜೈರ್ ತರಹದ ಸೆಡಾನಿನಲ್ಲಿ ಮಧ್ಯೆ ಸೀಟಿನ ಬೆನ್ನು, ಮೇಲೆ ತಗಡಿನ ಶೆಲ್ಫ್. ಬಾಸ್ ಡಿಕ್ಕಿಯಲ್ಲೇ ಉಳಿದು ಬೀದಿಯವರಿಗೆ ಕೇಳುತ್ತದೆ, ಒಳಗೆ ಕೂತವರಿಗೆ ಕಡಿಮೆ. ಹಾಗಾಗಿ ಸೆಡಾನಿನಲ್ಲಿ ದಾರಿ ನಾವೇ ಹುಡುಕಬೇಕು. ಆರ್ಮ್‌ರೆಸ್ಟ್ ಹಿಂದೆ ತೂತು ಇದ್ದರೆ ಅದು, ಇಲ್ಲದಿದ್ದರೆ ಶೆಲ್ಫಿನಲ್ಲಿ ಕಂಪನಿಯೇ ಬಿಟ್ಟಿರುವ ಸ್ಪೀಕರ್ ತೂತುಗಳು. ಬಾಕ್ಸಿನ ಬಾಯಿಯನ್ನು ಆ ತೂತಿನ ಹತ್ತಿರ ತಂದು, ಸುತ್ತ ಫೋಮ್ ಕೊಟ್ಟು ಸೀಲ್ ಮಾಡಿದರೆ ಗಾಳಿ ನೇರ ಕ್ಯಾಬಿನ್ನಿಗೆ ಹೋಗುತ್ತದೆ.

ಕ್ಯಾಬಿನ್ ನಮಗೆ ಪುಕ್ಕಟೆಯಾಗಿ ಕೊಡುವ ಒಂದು ಸಹಾಯವೂ ಇದೆ. ಅರ್ಧ ಅಲೆಯ ಉದ್ದ ಕ್ಯಾಬಿನ್ನಿನ ಉದ್ದಕ್ಕಿಂತ ಜಾಸ್ತಿಯಾದ ಮೇಲೆ ಅಲೆ ಓಡಾಡುವುದಿಲ್ಲ, ಇಡೀ ಕ್ಯಾಬಿನ್ನಿನ ಒತ್ತಡವೇ ಏರಿಳಿಯುತ್ತದೆ. 3 ಮೀಟರ್ ಕ್ಯಾಬಿನ್ ಅಂದುಕೊಳ್ಳಿ. 343 ಭಾಗಿಸು 6, ಅಂದರೆ ಸುಮಾರು 57 ಹರ್ಟ್ಸ್. ಅಲ್ಲಿಂದ ಕೆಳಗೆ ಪ್ರತಿ ಆಕ್ಟೇವ್‌ಗೆ (ಫ್ರೀಕ್ವೆನ್ಸಿ ಅರ್ಧವಾದಾಗಲೆಲ್ಲ) ಲೆಕ್ಕದ ಪ್ರಕಾರ 12 ಡೆಸಿಬಲ್ ತನಕ ಏರಿಕೆ ಸಿಗುತ್ತದೆ. ತಗಡು ಬಾಗುವುದರಿಂದ, ಗಾಳಿ ಸೋರುವುದರಿಂದ ನಿಜವಾಗಿ ಸಿಗುವುದು ಅದಕ್ಕಿಂತ ಕಡಿಮೆ. ಆದರೂ ಇದು ದೊಡ್ಡ ವಿಷಯ. ಯಾಕೆಂದರೆ ಸೀಲ್ಡ್ ಬಾಕ್ಸ್ (ಗಾಳಿ ಸೋರದಂತೆ ಪೂರ್ತಿ ಮುಚ್ಚಿದ ಬಾಕ್ಸ್) ಕೆಳಗಡೆ ಬೀಳುವುದೂ ಪ್ರತಿ ಆಕ್ಟೇವ್‌ಗೆ 12 ಡೆಸಿಬಲ್ ಲೆಕ್ಕದಲ್ಲೇ. ಬಾಕ್ಸ್ ಕಳೆದದ್ದನ್ನು ಕ್ಯಾಬಿನ್ ಬಹುಪಾಲು ತುಂಬಿಕೊಡುತ್ತದೆ. ಬಚ್ಚಿಡುವ ಕೆಲಸಕ್ಕೆ ನಾನು ಯಾವಾಗಲೂ ಸೀಲ್ಡ್ ಬಾಕ್ಸನ್ನೇ ಹೇಳುವುದು ಇದಕ್ಕೇ. ಪೋರ್ಟೆಡ್ ಬಾಕ್ಸಿಗೆ (ಗಾಳಿ ಓಡಾಡಲು ಕೊಳವೆ ಬಿಟ್ಟ ಬಾಕ್ಸಿಗೆ) ಜಾಗ ಜಾಸ್ತಿ ಬೇಕು, ಪೋರ್ಟಿನ ಬಾಯಿ ಮುಂದೆ ಖಾಲಿ ಜಾಗವೂ ಬೇಕು. ಬಚ್ಚಿಡುವಾಗ ಅದೇ ಇರುವುದಿಲ್ಲ.

ಲೀಟರ್ ಲೆಕ್ಕ

ಇಲ್ಲಿ ನಿಧಾನವಾಗಿ ಓದಿ. ಹೆಚ್ಚು ಕೆಲಸ ಕೆಡುವುದು ಇಲ್ಲೇ.

ಸೈಕಲ್ ಪಂಪಿನ ಬಾಯಿ ಬೆರಳಿನಿಂದ ಮುಚ್ಚಿ ಒತ್ತಿ ನೋಡಿ, ಒಳಗಿನ ಗಾಳಿ ಸ್ಪ್ರಿಂಗ್ ತರಹ ವಾಪಸ್ ತಳ್ಳುತ್ತದೆ. ಸೀಲ್ಡ್ ಬಾಕ್ಸಿನ ಗಾಳಿಯೂ ಕೋನನ್ನು (ಊಫರಿನ ಹಿಂದೆ ಮುಂದೆ ಅಲುಗುವ ಭಾಗವನ್ನು) ಹಾಗೇ ತಳ್ಳುತ್ತದೆ. ಈ ಗಾಳಿ ಸ್ಪ್ರಿಂಗ್ ನಂಬಿ ಚಿಕ್ಕ ಬಾಕ್ಸಿನಿಂದ ಆಳದ ಬಾಸ್ ತೆಗೆದು ತೋರಿಸಿದವರು ಅಮೆರಿಕದ ಎಡ್ಗರ್ ವಿಲ್ಚರ್, 1954ರಲ್ಲಿ. ಬಾಕ್ಸ್ ಚಿಕ್ಕದಾದಷ್ಟೂ ಸ್ಪ್ರಿಂಗ್ ಗಟ್ಟಿ. ಗಟ್ಟಿಯಾದಷ್ಟೂ ಆಳದ ಬಾಸ್ ಕಡಿಮೆಯಾಗಿ, ಮೇಲೆ ಒಂದು ಕಡೆ ಉಬ್ಬು ಬರುತ್ತದೆ. ಎಲ್ಲ ಹಾಡಿಗೂ ಒಂದೇ ತರಹ "ಧುಂ ಧುಂ" ಅನ್ನುವ ಬಾಸ್ ಕೇಳಿದ್ದೀರಿ ಅಲ್ವಾ? ಅದರ ಹಿಂದೆ ಈ ಉಬ್ಬು ಇರುತ್ತದೆ.

ಊಫರ್ ಜೊತೆ ಬರುವ ಕಾಗದದಲ್ಲಿ ಮೂರು ಅಂಕಿ ಹುಡುಕಿ: ಎಫ್‌ಎಸ್ (ಬಾಕ್ಸಿಲ್ಲದೆ ಊಫರ್ ತಾನಾಗಿ ಹೆಚ್ಚು ಅಲುಗುವ ಫ್ರೀಕ್ವೆನ್ಸಿ), ಕ್ಯೂಟಿಎಸ್ (ಆ ಅಲುಗಾಟ ಎಷ್ಟು ಹಿಡಿತದಲ್ಲಿದೆ ಅನ್ನುವ ಅಂಕಿ), ವಿಎಎಸ್ (ಕೋನಿನ ಸ್ಪ್ರಿಂಗಿನಷ್ಟೇ ಗಟ್ಟಿ ಇರುವ ಗಾಳಿಯ ಲೀಟರ್). ಇವಕ್ಕೆ ಥೀಲ್-ಸ್ಮಾಲ್ ಪ್ಯಾರಾಮೀಟರ್ ಅನ್ನುತ್ತಾರೆ. ನೆವಿಲ್ ಥೀಲ್ ಆಸ್ಟ್ರೇಲಿಯಾದಲ್ಲಿ 1961ರಲ್ಲಿ ಶುರುಮಾಡಿದ ಲೆಕ್ಕವನ್ನು ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಬೆಳೆಸಿದರು. ನಮಗೆ ಬೇಕಾದ ಸೂತ್ರ ಒಂದೇ:

ಕ್ಯೂಟಿಸಿ = ಕ್ಯೂಟಿಎಸ್ × √(ವಿಎಎಸ್ ÷ ಬಾಕ್ಸಿನ ಲೀಟರ್ + 1)

ಕ್ಯೂಟಿಸಿ ಅಂದರೆ ಬಾಕ್ಸಿನಲ್ಲಿ ಕೂರಿಸಿದ ಮೇಲಿನ ಕ್ಯೂಟಿಎಸ್. ಅದು 0.707 ಬಂದರೆ ಉಬ್ಬಿಲ್ಲದ, ಸಮನಾದ ಬಾಸ್. ಉದಾಹರಣೆಗೆ ಎಫ್‌ಎಸ್ 30, ಕ್ಯೂಟಿಎಸ್ 0.45, ವಿಎಎಸ್ 40 ಲೀಟರ್ ಇರುವ ಊಫರ್ ತಗೊಳ್ಳಿ. ಇದಕ್ಕೆ 0.707 ಬೇಕಾದರೆ ಬಾಕ್ಸ್ ಸುಮಾರು 27 ಲೀಟರ್ ಇರಬೇಕು. ಆಗ ಬಾಕ್ಸಿನೊಳಗಿನ ರೆಸೊನೆನ್ಸ್ (ಬಾಕ್ಸಿನಲ್ಲಿ ಕೂತ ಊಫರ್ ತಾನಾಗಿ ಹೆಚ್ಚು ಅಲುಗುವ ಫ್ರೀಕ್ವೆನ್ಸಿ, ಎಫ್‌ಎಸ್ ಅನ್ನು ಅದೇ ವರ್ಗಮೂಲದಿಂದ ಗುಣಿಸಿದರೆ ಸಿಗುತ್ತದೆ) 47 ಹರ್ಟ್ಸ್. ಜಾಗ ಇಲ್ಲ ಅಂತ 15 ಲೀಟರ್‌ಗೆ ಇಳಿಸಿದರೆ ಕ್ಯೂಟಿಸಿ 0.86, ರೆಸೊನೆನ್ಸ್ 57. ಇದು ಕಾರಿನಲ್ಲಿ ಇನ್ನೂ ನಡೆಯುತ್ತದೆ, ಕ್ಯಾಬಿನ್ ಕೈ ಹಿಡಿಯುತ್ತದೆ. 10 ಲೀಟರ್‌ಗೆ ಇಳಿಸಿದರೆ ಕ್ಯೂಟಿಸಿ 1, ರೆಸೊನೆನ್ಸ್ 67. ಇಲ್ಲಿಂದ ಕಿವಿಗೆ ಗೊತ್ತಾಗುತ್ತದೆ. ಆದ್ದರಿಂದ ಜಾಗ ಮೊದಲು ಅಳೆಯಿರಿ, ಆಮೇಲೆ ಊಫರ್ ಆರಿಸಿ. 12 ಇಂಚೇ ಬೇಕು ಅಂತ ಹಟ ಹಿಡಿದ ಗಿರಾಕಿಗೆ, ಸರಿಯಾದ ಬಾಕ್ಸಿನ 10 ಇಂಚು ಇಕ್ಕಟ್ಟಿನ 12 ಇಂಚಿಗಿಂತ ಚೆನ್ನಾಗಿ ಕೇಳುತ್ತದೆ ಅಂತ ಕೇಳಿಸಿಯೇ ತೋರಿಸಿ.

ಲೀಟರ್ ಅಂದರೆ ಒಳ ಅಳತೆ. 40 × 34 × 20 ಸೆಂಟಿಮೀಟರ್ ಒಳಗೆ ಇದ್ದರೆ 27.2 ಲೀಟರ್. 18 ಎಂಎಂ ಹಲಗೆ ಹಾಕಿದ ಮೇಲೆ ಹೊರಗಿನಿಂದ ಅದು 43.6 × 37.6 × 23.6, ಅಂದರೆ 38 ಲೀಟರ್‌ಗಿಂತ ಜಾಸ್ತಿ ಜಾಗ. ಹಲಗೆಯೇ 11 ಲೀಟರ್ ತಿಂದಿತು. ಊಫರಿನ ಮ್ಯಾಗ್ನೆಟ್, ಬುಟ್ಟಿ ಒಳಗೆ ಕೂರುವ ಜಾಗವನ್ನೂ ಸೇರಿಸಿಕೊಳ್ಳಬೇಕು. ಡಿಕ್ಕಿಯ ಪಕ್ಕದ ಗೋಡೆಗೆ ಫೈಬರ್ ಬಾಕ್ಸ್ ಮಾಡಿದರೆ ಅಂಕುಡೊಂಕು ಆಕಾರ, ಟೇಪಿನಲ್ಲಿ ಅಳೆಯಲು ಆಗುವುದಿಲ್ಲ. ಅದಕ್ಕೆ ನಮ್ಮ ಕಡೆ ಸುಲಭ ಉಪಾಯ ಇದೆ. ಒಣ ಜೋಳವನ್ನು ಒಂದು ಲೀಟರ್ ಮಗ್ಗಿನಲ್ಲಿ ಎಣಿಸುತ್ತಾ ಬಾಕ್ಸಿಗೆ ಸುರಿಯಿರಿ. ಎಷ್ಟು ಮಗ್ ಹಿಡಿಸಿತೋ ಅಷ್ಟು ಲೀಟರ್. ಫೈಬರ್ ಪೂರ್ತಿ ಒಣಗಿ ವಾಸನೆ ಹೋದ ಮೇಲೆ ಮಾಡಿ, ಆ ಜೋಳವನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಸ್ವಲ್ಪ ಲೀಟರ್ ಕಡಿಮೆ ಬಿದ್ದರೆ ಬಾಕ್ಸಿನೊಳಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಸಡಿಲವಾಗಿ ಹಾಕಿ. ಬಾಕ್ಸ್ ಸ್ವಲ್ಪ ದೊಡ್ಡದಾದ ಹಾಗೆ ಕೆಲಸ ಮಾಡುತ್ತದೆ. ರಾಯಚೂರಿನಲ್ಲಿ ಅರಳೆಗೆ ಬರವಿಲ್ಲ, ಆದರೆ ಅದು ಮಳೆಗಾಲದಲ್ಲಿ ತೇವ ಹಿಡಿದು ಗಂಟು ಕಟ್ಟುತ್ತದೆ. ಇಲ್ಲಿ ಪಾಲಿಯೆಸ್ಟರೇ ಸರಿ.

ಎಲ್ಲಿ ಬಚ್ಚಿಡಬೇಕು?

ಸ್ಟೆಪ್ನಿ ತೆಗೆದು ಆ ಗುಂಡಿಯಲ್ಲಿ ಬಾಕ್ಸ್ ಇಡುವುದು ಎಲ್ಲರಿಗೂ ಮೊದಲು ಹೊಳೆಯುತ್ತದೆ. ಸಂಡೂರು, ತೋರಣಗಲ್ಲು ರಸ್ತೆಯಲ್ಲಿ ಅದಿರು ಲಾರಿಗಳ ಮಧ್ಯೆ ಓಡಾಡುವವರಿಗೆ ನಾನು ಇದನ್ನು ಹೇಳುವುದಿಲ್ಲ. ಸ್ಟೆಪ್ನಿ ಇರಲೇಬೇಕು. ಸ್ಟೆಪ್ನಿಯ ರಿಮ್ಮಿನೊಳಗೇ ಕೂರುವ ದುಂಡನೆಯ ಊಫರ್ ಸಿಗುತ್ತದೆ, ಆಂಪ್ (ಆಂಪ್ಲಿಫೈಯರ್) ಅದರಲ್ಲೇ ಇರುತ್ತದೆ. ಲೀಟರ್ ಕಡಿಮೆ, ಆದ್ದರಿಂದ ಆಳ ಕಡಿಮೆ. ಮನೆ ಮಂದಿಯೆಲ್ಲ ಓಡಾಡುವ ಕಾರಿಗೆ ಸಾಕು. ಸಿಎನ್‌ಜಿ ಸಿಲಿಂಡರ್ ಇರುವ ಗಾಡಿಯಲ್ಲಿ ಸಿಲಿಂಡರ್, ಪೈಪ್, ಅದರ ಪಟ್ಟಿಗಳ ಹತ್ತಿರ ಒಂದು ಸ್ಕ್ರೂ ಕೂಡ ಹೊಡೆಯಬೇಡಿ. ಯಾವ ಗಾಡಿಯೇ ಆಗಲಿ, ಡ್ರಿಲ್ ಹಿಡಿಯುವ ಮೊದಲು ಬಗ್ಗಿ ಕೆಳಗೆ ನೋಡಿ. ಟ್ಯಾಂಕ್ ಅಲ್ಲೇ ಹತ್ತಿರ ಇರುತ್ತದೆ.

ಪಕ್ಕದ ಗೋಡೆಯ ಫೈಬರ್ ಬಾಕ್ಸ್ ನೋಡಲು ಚೆಂದ, ನೆಲ ಪೂರ್ತಿ ಖಾಲಿ ಉಳಿಯುತ್ತದೆ. ಒಂದು ಎಚ್ಚರಿಕೆ ಇದೆ. ಅನೇಕ ಕಾರುಗಳಲ್ಲಿ ಕ್ಯಾಬಿನ್ನಿನ ಗಾಳಿ ಹೊರಹೋಗುವ ರಬ್ಬರ್ ಮುಚ್ಚಳ ಆ ಗೋಡೆಯ ಹಿಂದೆಯೇ ಇರುತ್ತದೆ. ಅದನ್ನು ಮುಚ್ಚಿದರೆ ಬಾಗಿಲು ಹಾಕುವಾಗ ಕಿವಿಗೆ ಒತ್ತಡ ಬರುತ್ತದೆ, ಗಾಜಿಗೆ ಮಂಜು ಕೂರುತ್ತದೆ.

ನನಗೆ ಹೆಚ್ಚು ಇಷ್ಟ ಸುಳ್ಳು ನೆಲ, ಅಂದರೆ ಡಿಕ್ಕಿಯ ನೆಲದ ಮೇಲೆ ಎತ್ತರಿಸಿ ಹಾಕುವ ಇನ್ನೊಂದು ನೆಲ. ತೆಳ್ಳಗಿನ ಬಾಕ್ಸ್, ಶ್ಯಾಲೋ (ಆಳ ಕಡಿಮೆ ಇರುವ) ಊಫರ್, ಮೇಲೆ 18 ಎಂಎಂ ಪ್ಲೈವುಡ್. ಇಲ್ಲಿ ಗಾಳಿಯ ದಾರಿ ಲೆಕ್ಕ ಹಾಕಲೇಬೇಕು. ಗಾಳಿ ಹೊರಬರುವ ಬಾಯಿಯ ಜಾಗ ಕೋನಿನ ಜಾಗಕ್ಕಿಂತ ಕಡಿಮೆ ಇರಬಾರದು. 10 ಇಂಚಿನ ಊಫರಿನ ಕೋನ್ ಸುಮಾರು 340 ಚದರ ಸೆಂಟಿಮೀಟರ್. ಸೀಟಿನ ಬೆನ್ನಿನ ಕಡೆ 90 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲದ ಸೀಳು ಬಿಟ್ಟರೆ 360 ಆಯಿತು. ಸಾಕು. ಸೀಳನ್ನು ಡಿಕ್ಕಿಯ ನಡುವೆ ಬಿಟ್ಟರೆ ಗಿರಾಕಿ ಗಂಗಾವತಿಯ ಅಕ್ಕಿ ಮೂಟೆಯನ್ನು ಅದರ ಮೇಲೇ ಇಡುತ್ತಾನೆ, ಬಾಸ್ ನಿಂತೇ ಹೋಗುತ್ತದೆ. ಕೋನ್ ಪೂರ್ತಿ ಮೇಲೆದ್ದಾಗಲೂ ಹಲಗೆಗೆ ತಾಗದಷ್ಟು ಅಂತರ ಇರಬೇಕು, ಗಾಳಿ ಪಕ್ಕಕ್ಕೆ ಹರಿಯಲು ಇನ್ನೂ ಸ್ವಲ್ಪ ಜಾಸ್ತಿ ಇರಲಿ. ಸೀಳಿನ ಮೇಲೆ ಬಟ್ಟೆ ಹಾಕುವುದಾದರೆ ಬಾಯಿಯಿಂದ ಊದಿ ನೋಡಿ. ಉಸಿರು ಸಲೀಸಾಗಿ ಆಚೆ ಹೋದರೆ ಬಾಸೂ ಹೋಗುತ್ತದೆ. ರೆಕ್ಸಿನ್, ರಬ್ಬರ್ ಬೆನ್ನಿನ ಕಾರ್ಪೆಟ್ ಬೇಡ.

ಕೋನ್ ಆಕಾಶಕ್ಕೋ ನೆಲಕ್ಕೋ ಮುಖ ಮಾಡಿದರೆ ತನ್ನ ಭಾರಕ್ಕೆ ಜೋತುಬೀಳುವುದಿಲ್ಲವೇ ಅಂತ ಹಲವರು ಕೇಳುತ್ತಾರೆ. ಎಫ್‌ಎಸ್ 30 ಇದ್ದರೆ ಜೋಲು 0.28 ಎಂಎಂ ಮಾತ್ರ. ಎಕ್ಸ್‌ಮ್ಯಾಕ್ಸ್ (ಕೋನ್ ಒಂದು ಕಡೆಗೆ ಚೆನ್ನಾಗಿ ಅಲುಗಬಲ್ಲ ದೂರ) 10 ಎಂಎಂ ಇರುವ ಊಫರಿಗೆ ಇದು ಲೆಕ್ಕಕ್ಕೇ ಬಾರದು. ಎಫ್‌ಎಸ್ 20ಕ್ಕೆ ಇಳಿದರೆ 0.6 ದಾಟುತ್ತದೆ, ಆಗ ಸ್ವಲ್ಪ ಯೋಚಿಸಿ.

ಗಡಗಡ, ಬಿಸಿಲು, ಧೂಳು

20ರಿಂದ 100 ಹರ್ಟ್ಸ್ ತನಕ ನಿಧಾನವಾಗಿ ಏರುವ ಟೋನ್ ಹಾಕಿ, ಡಿಕ್ಕಿ ಮುಚ್ಚಿ, ಕಾರಿನ ಸುತ್ತ ಕೈ ಒತ್ತುತ್ತಾ ಬನ್ನಿ. ನಂಬರ್ ಪ್ಲೇಟು, ಜಾಕು, ವೀಲ್ ಸ್ಪ್ಯಾನರ್, ಬ್ರೇಕ್ ಲೈಟಿನ ಡಬ್ಬಿ, ಪಾರ್ಸೆಲ್ ಟ್ರೇಯ ಹಿಂಜ್, ಒಂದೊಂದೂ ತನ್ನದೇ ಫ್ರೀಕ್ವೆನ್ಸಿಯಲ್ಲಿ ಬಾಯಿ ಬಿಡುತ್ತದೆ. ದೊಡ್ಡ ತಗಡಿಗೆ ಬ್ಯುಟೈಲ್ ಡ್ಯಾಂಪಿಂಗ್ ಶೀಟ್, ಎರಡು ಗಟ್ಟಿ ವಸ್ತು ತಾಗುವ ಕಡೆ ಫೋಮ್ ಟೇಪ್. ಬಳ್ಳಾರಿಯ ಜೀನ್ಸ್ ಹೊಲಿಯುವ ಕಡೆ ಸಿಗುವ ದಪ್ಪ ಬಟ್ಟೆಯ ತುಂಡುಗಳು ಜಾಕ್ ಸುತ್ತಲು ಬಹಳ ಒಳ್ಳೆಯವು. ಆದರೆ ಬಟ್ಟೆಯೋ ಫೆಲ್ಟೋ 40 ಹರ್ಟ್ಸ್ ಹೀರಿಕೊಳ್ಳುತ್ತದೆ ಅಂತ ಯಾರಾದರೂ ಮಾರಲು ಬಂದರೆ ತಗೊಳ್ಳಬೇಡಿ. ಅಷ್ಟು ಉದ್ದದ ಅಲೆಗೆ ಒಂದಿಂಚಿನ ಫೆಲ್ಟ್ ಏನೂ ಮಾಡಲಾರದು.

ಮೇ ತಿಂಗಳಲ್ಲಿ ನಮ್ಮಲ್ಲಿ ಹೊರಗೇ 42 ಡಿಗ್ರಿ ಆಗುತ್ತದೆ, ಮುಚ್ಚಿದ ಡಿಕ್ಕಿಯ ಬಿಸಿ ಇನ್ನೂ ಜಾಸ್ತಿ. 500 ವ್ಯಾಟ್ ಕೊಡುವ ಕ್ಲಾಸ್ ಡಿ ಆಂಪ್ ಶೇ. 80 ದಕ್ಷತೆಯಲ್ಲಿ ಓಡಿದರೆ ಪೂರ್ತಿ ಲೋಡಿನಲ್ಲಿ 125 ವ್ಯಾಟ್ ಬರೀ ಬಿಸಿಯಾಗಿ ಹೋಗುತ್ತದೆ. ಆಂಪನ್ನು ಬಾಕ್ಸಿನ ಪಕ್ಕದ ಸಂದಿಗೆ ತುರುಕಬೇಡಿ. ಗಾಳಿ ಒಳಬರಲು ಒಂದು ದಾರಿ, ಹೊರಹೋಗಲು ಒಂದು ದಾರಿ ಬಿಡಿ. ಅದೇ ಆಂಪ್ 13.8 ವೋಲ್ಟಿನಲ್ಲಿ 45 ಆಂಪಿಯರ್ ಎಳೆಯುತ್ತದೆ. 4 ಗೇಜ್ ತಾಮ್ರದ ವೈರ್ ಹಾಕಿ, ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇರಲಿ, ಅರ್ಥಿಂಗ್‌ಗೆ ಬಣ್ಣ ಕೆರೆದು ಬರಿ ತಗಡಿಗೆ ಬಿಗಿಯಿರಿ. ಅದಿರಿನ ಕೆಂಪು ಧೂಳಿನಲ್ಲಿ ಮ್ಯಾಗ್ನೆಟ್ಟಿಗೆ ಅಂಟುವ ಕಣಗಳೂ ಇರುತ್ತವೆ. ಕಾಯಿಲ್ ಸಂದಿಗೆ ಹೋದರೆ ಕರಕರ ಶುರು. ಸೀಲ್ಡ್ ಬಾಕ್ಸಿನಲ್ಲಿ ಮ್ಯಾಗ್ನೆಟ್ ಒಳಗೆ ಇರುವುದರಿಂದ ಈ ಕಾಟ ಕಡಿಮೆ.

ಕೊನೆಗೆ ಫೇಸ್

ಫೇಸ್ ಅಂದರೆ ಊಫರೂ ಮುಂದಿನ ಸ್ಪೀಕರೂ ಒಟ್ಟಿಗೆ ತಳ್ಳಿ ಒಟ್ಟಿಗೆ ಎಳೆಯುವ ಹೊಂದಾಣಿಕೆ. ಇದನ್ನು ಬಿಟ್ಟರೆ ಮೇಲಿನ ಕೆಲಸವೆಲ್ಲ ಅರ್ಧಕ್ಕೆ ನಿಂತ ಹಾಗೆ. ಮುಂದಿನ ಡೋರ್ ಸ್ಪೀಕರ್ ಡ್ರೈವರ್ ಕಿವಿಗೆ 1 ಮೀಟರ್, ಡಿಕ್ಕಿಯ ಊಫರ್ 2.2 ಮೀಟರ್ ಅಂದುಕೊಳ್ಳಿ. ಊಫರಿನ ಸೌಂಡ್ ಸುಮಾರು 3.5 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. 80 ಹರ್ಟ್ಸ್‌ನ ಅರ್ಧ ಸುತ್ತು 6.25 ಮಿಲಿಸೆಕೆಂಡ್. ದೂರದ ತಡದ ಜೊತೆ ಫಿಲ್ಟರಿನ ತಡವೂ ಸೇರಿ ಅದರ ಹತ್ತಿರ ಬಂದರೆ, ಒಂದು ಸ್ಪೀಕರ್ ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತಿರುತ್ತದೆ. ಬಾಸ್ ಅಲ್ಲೇ ಮಾಯ. ಗಿರಾಕಿ "ಮುಚ್ಚಿದ್ದಕ್ಕೇ ಹೋಯಿತು" ಅನ್ನುತ್ತಾನೆ.

ಲೋ ಪಾಸ್ 80ಕ್ಕೆ, 24 ಡೆಸಿಬಲ್ ಸ್ಲೋಪ್‌ಗೆ (ಪ್ರತಿ ಆಕ್ಟೇವ್‌ಗೆ 24 ಇಳಿಯುವಂತೆ) ಇಡಿ. ಮುಂದಿನ ಸ್ಪೀಕರಿಗೆ ಹೈ ಪಾಸ್ (ಮೇಲಿನ ಫ್ರೀಕ್ವೆನ್ಸಿ ಮಾತ್ರ ಬಿಡುವ ಫಿಲ್ಟರ್) 80. ಪಾರ್ಸೆಲ್ ಟ್ರೇ, ಸುಳ್ಳು ನೆಲ ಎಲ್ಲ ಜಾಗದಲ್ಲಿದ್ದು, ಡಿಕ್ಕಿ, ಗಾಜು ಮುಚ್ಚಿರಲಿ. ಒಬ್ಬರು ಡ್ರೈವರ್ ಸೀಟಿನಲ್ಲಿ ಕೂತು 80 ಹರ್ಟ್ಸ್ ಟೋನ್ ಕೇಳಲಿ, ಇನ್ನೊಬ್ಬರು ಫೇಸ್ ಅನ್ನು 0, 180 ಅಂತ ಬದಲಿಸಲಿ. ಡಿಕ್ಕಿ ತೆಗೆಯದೆ ಬದಲಿಸುವಂತೆ ರಿಮೋಟ್ ನಾಬ್ ಅಥವಾ ಸ್ಟೀರಿಯೊ ಮೆನು ಇದ್ದರೆ ಅದನ್ನೇ ಬಳಸಿ. ಯಾವುದರಲ್ಲಿ ಜೋರಾಗಿ ಕೇಳುತ್ತದೋ ಅದು ಸರಿ. ಸ್ಟೀರಿಯೊದಲ್ಲಿ ಟೈಮ್ ಅಲೈನ್‌ಮೆಂಟ್ (ಪ್ರತಿ ಸ್ಪೀಕರಿನ ಸೌಂಡನ್ನು ಬೇಕಾದಷ್ಟು ತಡಮಾಡುವ ಸೌಲಭ್ಯ) ಇದ್ದರೆ ಊಫರನ್ನು ಮುಟ್ಟಬೇಡಿ, ಹತ್ತಿರದ ಮುಂದಿನ ಸ್ಪೀಕರುಗಳನ್ನು ತಡಮಾಡಿ. ಆಮೇಲೆ ಊಫರ್ ಆಂಪಿನ ಗೇನನ್ನು (ಸೌಂಡಿನ ಮಟ್ಟವನ್ನು) ಸೊನ್ನೆಯಿಂದ ಏರಿಸುತ್ತಾ ಬನ್ನಿ. ತಬಲಾದ ಡಗ್ಗಾ ಪೆಟ್ಟು ಡ್ಯಾಶ್‌ಬೋರ್ಡ್ ಕಡೆಯಿಂದಲೇ ಬಂದ ಹಾಗೆ ಕೇಳಿದಾಗ ನಿಲ್ಲಿಸಿ. ಒಂದು ಗೆರೆ ಮುಂದೆ ಹೋದರೂ ಬಾಸ್ ಮತ್ತೆ ಹಿಂದಕ್ಕೆ ಸರಿಯುತ್ತದೆ.