ಅಡ್ರಿನಲಿನ್ ಔಷಧಿಗಳ ಪರೀಕ್ಷೆ: ಇಡೀ ಪ್ರಾಣಿಯಿಂದ ಒಂದು ಜೀವಕೋಶದ ತನಕ

ಉಬ್ಬಸ ಇರುವವರು ಸಾಲ್ಬುಟಮಾಲ್ ಇನ್‌ಹೇಲರ್‌ನಿಂದ ಒಂದೆರಡು ಪಫ್ ಎಳೆದುಕೊಂಡರೆ ಕೆಲವೇ ನಿಮಿಷದಲ್ಲಿ ಉಸಿರು ಸಲೀಸಾಗುತ್ತದೆ. ಆದರೆ ಕೆಲವರಿಗೆ ಕೈ ಸಣ್ಣಗೆ ನಡುಗುತ್ತದೆ, ಎದೆಯೂ ಸ್ವಲ್ಪ ಜೋರಾಗಿ ಬಡಿದುಕೊಳ್ಳುತ್ತದೆ. ಔಷಧಿ ಬೇಕಾಗಿದ್ದು ಶ್ವಾಸನಾಳಕ್ಕೆ ಅಲ್ವಾ, ಕೈಗೂ ಎದೆಗೂ ಯಾಕೆ ಹೋಯಿತು? ಔಷಧಿ ಕಂಡುಹಿಡಿಯುವವರನ್ನು ನೂರು ವರ್ಷಕ್ಕೂ ಜಾಸ್ತಿ ಕಾಲ ಕಾಡಿದ ಪ್ರಶ್ನೆ ಇದು.

ಸಾಲ್ಬುಟಮಾಲ್ ಅಡ್ರಿನಲಿನ್ ಜಾತಿಗೆ ಸೇರಿದ ಔಷಧಿ, ಹಾಗಾಗಿ ಕಥೆ ಅಡ್ರಿನಲಿನ್‌ನಿಂದಲೇ ಶುರು. 1895ರ ಹೊತ್ತಿಗೆ ಲಂಡನ್ನಿನಲ್ಲಿ ಜಾರ್ಜ್ ಆಲಿವರ್ ಮತ್ತು ಎಡ್ವರ್ಡ್ ಶೇಫರ್, ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯ ರಸ ಪ್ರಾಣಿಗಳ ರಕ್ತದೊತ್ತಡವನ್ನು ಏಕಾಏಕಿ ಏರಿಸುತ್ತದೆ ಎಂದು ತೋರಿಸಿದ್ದರು. 1901ರಲ್ಲಿ ಜಪಾನ್ ಮೂಲದ ಜೋಕಿಚಿ ತಕಾಮಿನೆ ಆ ರಸದಲ್ಲಿರುವ ಅಡ್ರಿನಲಿನ್ನನ್ನು ಬೇರ್ಪಡಿಸಿದ ಸುದ್ದಿ ಪ್ರಕಟಿಸಿದರು. ಅದರ ನಡವಳಿಕೆ ಮಾತ್ರ ವಿಚಿತ್ರವಾಗಿತ್ತು. ಕೆಲವು ರಕ್ತನಾಳಗಳನ್ನು ಅದು ಬಿಗಿ ಮಾಡುತ್ತದೆ, ಶ್ವಾಸನಾಳವನ್ನು ಸಡಿಲ ಮಾಡುತ್ತದೆ. ವಸ್ತು ಒಂದೇ, ಕೆಲಸ ತದ್ವಿರುದ್ಧ.

ಇದನ್ನು ಬಿಡಿಸಿದವರು ಅಮೆರಿಕದ ಜಾರ್ಜಿಯಾದ ರೇಮಂಡ್ ಆಲ್‌ಕ್ವಿಸ್ಟ್. ಅಡ್ರಿನಲಿನ್ ಜಾತಿಗೆ ಸೇರಿದ ಕೆಲವು ವಸ್ತುಗಳನ್ನು ಅವರು ಬೇರೆ ಬೇರೆ ಅಂಗಗಳ ಮೇಲೆ ಹಾಕಿ, ಯಾವುದು ಎಷ್ಟು ಪ್ರಬಲ ಎಂದು ಸಾಲಾಗಿ ಜೋಡಿಸಿದರು. ಸಿಕ್ಕಿದ್ದು ಎರಡೇ ಸಾಲು. ಒಂದರಲ್ಲಿ ಐಸೊಪ್ರೀನಲಿನ್ ಎಂಬ ವಸ್ತು ತುತ್ತತುದಿಯಲ್ಲಿ, ಇನ್ನೊಂದರಲ್ಲಿ ಅದೇ ವಸ್ತು ತೀರಾ ಕೊನೆಯಲ್ಲಿ. ಅಂದ ಮೇಲೆ ಅಡ್ರಿನಲಿನ್ನನ್ನು ಹಿಡಿದುಕೊಳ್ಳುವ ರಿಸೆಪ್ಟರ್‌ಗಳೂ ಎರಡು ಬಗೆ ಇರಬೇಕು. ಅವಕ್ಕೆ ಆಲ್ಫಾ, ಬೀಟಾ ಎಂದು ಹೆಸರಿಟ್ಟರು. ಮೊದಲು ಕಳಿಸಿದ ಪತ್ರಿಕೆ ಲೇಖನವನ್ನು ವಾಪಸ್ ಕಳಿಸಿತು. 1948ರಲ್ಲಿ ಬೇರೆ ಪತ್ರಿಕೆಯಲ್ಲಿ ಅಚ್ಚಾದಾಗಲೂ ಹೆಚ್ಚಿನವರು ತಲೆ ಕೆಡಿಸಿಕೊಳ್ಳಲಿಲ್ಲ. ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ ತಲೆ ಕೆಡಿಸಿಕೊಂಡರು. ಹೃದಯದ ಬೀಟಾ ರಿಸೆಪ್ಟರ್‌ಗಳನ್ನೇ ಮುಚ್ಚಿಬಿಟ್ಟರೆ ಎದೆನೋವಿನ ರೋಗಿಗೆ ಆರಾಮ ಸಿಗಬಹುದಲ್ಲ ಎಂದು ಯೋಚಿಸಿದರು. ಅವರ ಮೊದಲ ಔಷಧಿ ಇಲಿಗಳಲ್ಲಿ ಗೆಡ್ಡೆ ತಂದಿತು, ಕೈಬಿಡಬೇಕಾಯಿತು. ಅದರ ಬೆನ್ನಿಗೇ 1960ರ ದಶಕದ ಮಧ್ಯದಲ್ಲಿ ಪ್ರೊಪ್ರಾನೊಲಾಲ್ ಬಂತು.

ಆ ಕಾಲದ ಲ್ಯಾಬಿನಲ್ಲಿ ಪರೀಕ್ಷೆ ಹೀಗಿರುತ್ತಿತ್ತು. ಗಿನಿಪಿಗ್‌ನ ಶ್ವಾಸನಾಳದಿಂದ ಒಂದು ಸಣ್ಣ ಉಂಗುರ ಕತ್ತರಿಸಿ, ಬೆಚ್ಚಗಿನ ಉಪ್ಪುದ್ರವ ತುಂಬಿದ ಗಾಜಿನ ಪಾತ್ರೆಯಲ್ಲಿ ದಾರ ಕಟ್ಟಿ ತೂಗುಹಾಕುತ್ತಾರೆ. ಕೆಳಗಿನಿಂದ ಆಮ್ಲಜನಕದ ಗುಳ್ಳೆಗಳು ಏಳುತ್ತಿರುತ್ತವೆ. ಔಷಧಿ ಹಾಕಿದಾಗ ಉಂಗುರ ಸಡಿಲವಾದರೆ ದಾರದ ಎಳೆತ ಕಡಿಮೆಯಾಗುತ್ತದೆ, ಸುತ್ತುತ್ತಿರುವ ಕಾಗದದ ಮೇಲೆ ಗೆರೆ ಇಳಿಯುತ್ತದೆ. ಬಹಳ ಒಳ್ಳೆಯ ವಿಧಾನ, ಈಗಲೂ ಬಳಕೆಯಲ್ಲಿದೆ. 1967ರಲ್ಲಿ ಬೀಟಾವನ್ನೇ ಒಡೆದು, ಹೃದಯದಲ್ಲಿ ಹೆಚ್ಚಾಗಿ ಬೀಟಾ-1, ಶ್ವಾಸನಾಳದಲ್ಲಿ ಬೀಟಾ-2 ಎಂದು ಲ್ಯಾಂಡ್ಸ್ ಮತ್ತು ಜೊತೆಗಾರರು ಹೇಳಿದ್ದು ಇಂಥ ಅಳತೆಗಳಿಂದಲೇ. ಕೈ ನಡುಕದ ಗುಟ್ಟೂ ಇಲ್ಲೇ ಇದೆ: ಸಾಲ್ಬುಟಮಾಲ್ ಎಚ್ಚರಿಸುವುದು ಮುಖ್ಯವಾಗಿ ಬೀಟಾ-2 ಅನ್ನು, ಅದು ಕೈಯ ಸ್ನಾಯುವಿನಲ್ಲೂ ಇದೆ.

ಆದರೆ ಒಂದು ತುಂಡು ಅಂಗಾಂಶದಲ್ಲಿ ಹಲವು ಬಗೆಯ ರಿಸೆಪ್ಟರ್‌ಗಳು ಒಟ್ಟಿಗೆ ಕೂತಿರುತ್ತವೆ. ಯಾವುದು ಮಾತಾಡಿತು ಎಂದು ಖಚಿತವಾಗಿ ಹೇಳುವುದು ಕಷ್ಟ. ಅದಕ್ಕೆ ದಾರಿ ತೆರೆದದ್ದು ಅಮೆರಿಕದ ರಾಬರ್ಟ್ ಲೆಫ್ಕೊವಿಟ್ಜ್ ಅವರ ಗುಂಪು. 1986ರಲ್ಲಿ ಅವರು ಹ್ಯಾಮ್‌ಸ್ಟರ್‌ನ ಬೀಟಾ-2 ರಿಸೆಪ್ಟರ್‌ನ ಜೀನ್ ಹಿಡಿದರು. ಆ ತಂಡದಲ್ಲಿದ್ದ ಬ್ರಯಾನ್ ಕೊಬಿಲ್ಕಾ ಜೊತೆ ಅವರಿಗೆ 2012ರ ನೊಬೆಲ್ ಬಂತು. ಮುಂದಿನ ವರ್ಷಗಳಲ್ಲಿ ಒಟ್ಟು ಒಂಬತ್ತು ಬಗೆಗಳು ಪತ್ತೆಯಾದವು: ಮೂರು ಆಲ್ಫಾ-1, ಮೂರು ಆಲ್ಫಾ-2, ಮೂರು ಬೀಟಾ.

ಜೀನ್ ಕೈಯಲ್ಲಿದ್ದರೆ ಅದನ್ನು ಬೇಕಾದ ಜೀವಕೋಶಕ್ಕೆ ಸೇರಿಸಬಹುದು. ಚೀನೀ ಹ್ಯಾಮ್‌ಸ್ಟರ್‌ನ ಅಂಡಾಶಯದಿಂದ 1957ರ ಸುಮಾರಿಗೆ ಬೆಳೆಸಿದ ಸಿಎಚ್‌ಒ ಕೋಶಗಳು ಇದಕ್ಕೆ ತುಂಬಾ ಅನುಕೂಲ. ಮನುಷ್ಯನ ಒಂದೇ ಬಗೆಯ ರಿಸೆಪ್ಟರ್ ಇರುವ ಕೋಶಗಳನ್ನು 384 ಪುಟ್ಟ ಗುಳಿಗಳ ಪ್ಲಾಸ್ಟಿಕ್ ತಟ್ಟೆಯಲ್ಲಿ ಹರಡಿ, ಗುಳಿಗೊಂದು ಪ್ರಮಾಣದಲ್ಲಿ ಔಷಧಿ ಹಾಕುತ್ತಾರೆ. ಬೀಟಾ ರಿಸೆಪ್ಟರ್ ಎಚ್ಚೆತ್ತರೆ, ಕೋಶದೊಳಗೆ ಸಂದೇಶ ಸಾಗಿಸುವ ಸೈಕ್ಲಿಕ್ ಎಎಂಪಿ ಎಂಬ ಪುಟ್ಟ ಅಣುವಿನ ಪ್ರಮಾಣ ಏರುತ್ತದೆ. ಅದನ್ನು ಬೆಳಕಿನ ಸಂಕೇತವಾಗಿ ಬದಲಿಸಿ ಯಂತ್ರ ಓದುತ್ತದೆ. ಆಲ್ಫಾ-1ಕ್ಕೆ ಲೆಕ್ಕ ಬೇರೆ: ಅಲ್ಲಿ ಏರುವುದು ಕ್ಯಾಲ್ಸಿಯಂ. ಅದಕ್ಕೆ ಅಂಟುವ ಬಣ್ಣ ಸೆಕೆಂಡುಗಳಲ್ಲಿ ಹೊಳೆಯುತ್ತದೆ.

ಆಲ್ಫಾ-2 ಸೈಕ್ಲಿಕ್ ಎಎಂಪಿಯನ್ನು ಇಳಿಸುತ್ತದೆ. ಮೊದಲೇ ಕಡಿಮೆ ಇರುವುದು ಇಳಿದರೆ ಕಾಣಿಸುವುದಾದರೂ ಹೇಗೆ? ಹಾಗಾಗಿ ಮೊದಲು ಫೋರ್ಸ್‌ಕೋಲಿನ್ ಹಾಕಿ ಅದನ್ನು ಏರಿಸಿಟ್ಟು, ಆಮೇಲೆ ಔಷಧಿಯಿಂದ ಎಷ್ಟು ಇಳಿಯಿತು ಎಂದು ನೋಡುತ್ತಾರೆ. ಈ ಫೋರ್ಸ್‌ಕೋಲಿನ್ ಸಿಗುವುದು ನಮ್ಮಲ್ಲೂ ಬೆಳೆಯುವ ಮಾಕಂಡಿ ಬೇರಿನಿಂದ. ಭಾರತದ ಲ್ಯಾಬ್‌ಗಳಲ್ಲೇ ಬೇರ್ಪಟ್ಟ ವಸ್ತು ಜಗತ್ತಿನ ಔಷಧ ಪರೀಕ್ಷೆಗಳಲ್ಲಿ ದಿನಬಳಕೆಯಾಗಿದೆ ಎನ್ನುವುದು ನನಗೆ ತುಂಬಾ ಹೆಮ್ಮೆಯ ಸಂಗತಿ.

ಇಷ್ಟು ಅಚ್ಚುಕಟ್ಟಾದ ಪರೀಕ್ಷೆಯನ್ನೂ ಸುಮ್ನೆ ನಂಬುವ ಹಾಗಿಲ್ಲ. ಜೀನ್ ಸೇರಿಸಿದ ಕೋಶದಲ್ಲಿ ರಿಸೆಪ್ಟರ್‌ಗಳು ಸಹಜಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರಬಹುದು. ಐವತ್ತು ಜನ ಎಳೆಯುವ ತೇರಿಗೆ ಸಾವಿರ ಜನ ಕೈಹಾಕಿದರೆ, ಒಬ್ಬೊಬ್ಬರು ಮೆಲ್ಲಗೆ ಎಳೆದರೂ ತೇರು ಸಲೀಸಾಗಿ ಹೋಗುತ್ತದೆ. ಹಾಗೆಯೇ ಸಾಲ್ಬುಟಮಾಲ್‌ನಂಥ ಅರ್ಧ ಬಲದ ಔಷಧಿಯೂ ಆ ಕೋಶದಲ್ಲಿ ಪೂರ್ತಿ ಬಲದ್ದಾಗಿ ಕಾಣುತ್ತದೆ. ಒಂದು ಕೋಶದಲ್ಲಿ ಎಷ್ಟು ರಿಸೆಪ್ಟರ್ ಇವೆ ಎಂದು ಹೇಳದೆ ಬರೀ ಗ್ರಾಫ್ ತೋರಿಸಿದರೆ ಅದು ಅರ್ಧ ಮಾಹಿತಿ ಎಂದೇ ನಾನು ಹೇಳುತ್ತೇನೆ.

ಹಾಗಿದ್ದರೂ ಮನುಷ್ಯನ ರಿಸೆಪ್ಟರ್ ಇರುವ ಕೋಶ ಯಾಕೆ ಬೇಕು ಎಂಬುದಕ್ಕೆ ಬೀಟಾ-3ರ ಕಥೆ ನೋಡಿ. 1980ರ ದಶಕದಲ್ಲಿ ಬೊಜ್ಜು ಮತ್ತು ಸಕ್ಕರೆ ಕಾಯಿಲೆಗೆಂದು ತಯಾರಾದ ಕೆಲವು ವಸ್ತುಗಳು ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿದವು. ಮನುಷ್ಯರಲ್ಲಿ ನಿರೀಕ್ಷಿಸಿದ ಫಲ ಸಿಗಲಿಲ್ಲ. 1989ರಲ್ಲಿ ಮನುಷ್ಯನ ಬೀಟಾ-3 ಜೀನ್ ಸಿಕ್ಕಿ, ಅದನ್ನು ಸಿಎಚ್‌ಒ ಕೋಶಕ್ಕೆ ಸೇರಿಸಿದ ಮೇಲೆ ಒಂದು ಕಾರಣ ಬಯಲಾಯಿತು: ಇಲಿಯ ಬೀಟಾ-3ರ ಹಾಗೆ ಮನುಷ್ಯನದು ಆ ವಸ್ತುಗಳಿಗೆ ಓಗೊಡುತ್ತಿರಲಿಲ್ಲ. ಆಮೇಲೆ ಹುಡುಕಾಟ ಮನುಷ್ಯನ ರಿಸೆಪ್ಟರ್ ಮೇಲೆಯೇ ನಡೆಯಿತು. ಕೊನೆಗೆ ಗೆದ್ದ ಔಷಧಿ ಮಿರಾಬೆಗ್ರಾನ್, ಅದೂ ಬೊಜ್ಜಿಗಲ್ಲ, ಪದೇ ಪದೇ ಮೂತ್ರಕ್ಕೆ ಓಡಬೇಕಾದವರಿಗೆ. ಮೂತ್ರಕೋಶದ ಸ್ನಾಯುವನ್ನು ಅದು ಸಡಿಲ ಮಾಡುತ್ತದೆ. 2011ರಲ್ಲಿ ಜಪಾನ್, 2012ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ಆದರೆ ಅದು ಕೆಲವರಲ್ಲಿ ರಕ್ತದೊತ್ತಡ ಏರಿಸುತ್ತದೆ. ತಟ್ಟೆಯ ಗುಳಿಯಲ್ಲಿರುವ ಕೋಶಕ್ಕೆ ರಕ್ತನಾಳ ಇಲ್ಲ, ಹೃದಯ ಇಲ್ಲ. ಹಾಗಾಗಿ ಈ ಮಾತ್ರೆ ನುಂಗುವವರ ಬಿಪಿಯನ್ನು ಡಾಕ್ಟರ್ ಆಗಾಗ ತೋಳಿಗೆ ಪಟ್ಟಿ ಕಟ್ಟಿಯೇ ನೋಡಬೇಕು.