ಇಮ್ಯಾಕ್ಸ್‌ನಿಂದ ಹೊರಬರದೆ ವಿಡಿಯೊ ನೋಡಬಹುದೇ?

ಪ್ರಶ್ನೆ: ಕೋಡ್, ಟಿಪ್ಪಣಿ, ಮೇಲ್ ಎಲ್ಲವನ್ನೂ ಇಮ್ಯಾಕ್ಸ್ ಎಂಬ ಎಡಿಟರ್‌ನಲ್ಲೇ ನಿಭಾಯಿಸುತ್ತೇನೆ. ಯೂಟ್ಯೂಬ್‌ನಲ್ಲಿ ಪಾಠಗಳನ್ನು ನೋಡಲು ಮಾತ್ರ ಬ್ರೌಸರ್‌ಗೆ ಹೋಗಬೇಕು. ಹೋದರೆ ಬೇಡದ ವಿಡಿಯೊಗಳಲ್ಲಿ ಹೊತ್ತು ಕಳೆದುಹೋಗುತ್ತದೆ. ವಿಡಿಯೊವನ್ನೂ ಇಮ್ಯಾಕ್ಸ್‌ನಿಂದಲೇ ನೋಡುವ ದಾರಿ ಇದೆಯೇ?

ಉತ್ತರ: ಇದೆ. ಚಿತ್ರವೂ ಇಮ್ಯಾಕ್ಸ್ ಕಿಟಕಿಯಲ್ಲೇ ಮೂಡಬೇಕೆಂಬ ಹಟ ಬಿಟ್ಟರೆ ಕೆಲಸ ಬಹಳ ಸುಲಭ.

ಇಮ್ಯಾಕ್ಸ್ ಹುಟ್ಟಿದ್ದು 1976ರಲ್ಲಿ, ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ, ಟೆಕೊ ಎಂಬ ಹಳೆಯ ಎಡಿಟರ್‌ನ ಮ್ಯಾಕ್ರೊಗಳ ಗುಚ್ಛವಾಗಿ. ಇಂದು ನಾವು ಬಳಸುವ ಗ್ನೂ ಇಮ್ಯಾಕ್ಸ್ 1985ರದು. ಅದರ ಪರದೆ ವ್ಯವಸ್ಥೆ ಅಕ್ಷರಗಳ ಸಾಲುಗಳಿಗಾಗಿ ಕಟ್ಟಿದ್ದು. ಸ್ಥಿರ ಚಿತ್ರಗಳನ್ನು ತೋರಿಸುತ್ತದೆ, ಜಿಫ್ ಓಡಿಸುತ್ತದೆ. ವಿಡಿಯೊವನ್ನು ಬಿಡಿಸಿ ತೋರಿಸುವ ಡಿಕೋಡರ್ ಮಾತ್ರ ಅದರಲ್ಲಿಲ್ಲ. ಆ ಕೆಲಸವನ್ನು ಎಂಪಿವಿ ಎಂಬ ಉಚಿತ ಪ್ಲೇಯರ್‌ಗೆ ಒಪ್ಪಿಸಬೇಕು. ಯೂಟ್ಯೂಬ್ ಪುಟದ ವಿಳಾಸ ಕೊಟ್ಟರೆ ಎಂಪಿವಿ ತಾನೇ ವೈಟಿ-ಡಿಎಲ್‌ಪಿ ಎಂಬ ಇನ್ನೊಂದು ಪ್ರೋಗ್ರಾಂ ಅನ್ನು ಕರೆದು, ವಿಡಿಯೊದ ನಿಜವಾದ ಹರಿವು ಎಲ್ಲಿದೆ ಎಂದು ತಿಳಿದುಕೊಂಡು ಓಡಿಸುತ್ತದೆ. ಇಮ್ಯಾಕ್ಸ್ ಮಾಡಬೇಕಾದದ್ದು ವಿಳಾಸವನ್ನು ದಾಟಿಸುವುದಷ್ಟೇ.

ಅದಕ್ಕೆ ನಾಲ್ಕೈದು ಸಾಲಿನ ಇಮ್ಯಾಕ್ಸ್ ಲಿಸ್ಪ್ ಫಂಕ್ಷನ್ ಸಾಕು: ವಿಳಾಸವನ್ನು ಪಡೆದು, ಸ್ಟಾರ್ಟ್-ಪ್ರೊಸೆಸ್ ಮೂಲಕ ಎಂಪಿವಿಯನ್ನು ಆರಂಭಿಸುವುದು. ಇಲ್ಲಿ ಶೆಲ್-ಕಮಾಂಡ್ ಬಳಸುವ ಆತುರ ಬೇಡ. ಕಮಾಂಡ್‌ನ ಕೊನೆಗೆ ಆಂಪರ್‌ಸ್ಯಾಂಡ್ ಹಾಕದಿದ್ದರೆ ವಿಡಿಯೊ ಮುಗಿಯುವವರೆಗೆ ಇಮ್ಯಾಕ್ಸ್ ಕಲ್ಲಿನಂತೆ ಕುಳಿತಿರುತ್ತದೆ. ಫಂಕ್ಷನ್ ಸಿದ್ಧವಾದ ಮೇಲೆ ಬ್ರೌಸ್-ಯುಆರ್‌ಎಲ್-ಹ್ಯಾಂಡ್ಲರ್ಸ್ ಎಂಬ ವೇರಿಯಬಲ್‌ಗೆ ಒಂದು ಜೋಡಿ ಸೇರಿಸಿ: ಒಂದು ಕಡೆ ಯೂಟ್ಯೂಬ್ ವಿಳಾಸಗಳನ್ನು ಗುರುತಿಸುವ ರೆಗ್ಯುಲರ್ ಎಕ್ಸ್‌ಪ್ರೆಷನ್, ಇನ್ನೊಂದು ಕಡೆ ನಿಮ್ಮ ಫಂಕ್ಷನ್. 2022ರಲ್ಲಿ ಬಂದ 28.1ನೇ ಆವೃತ್ತಿಯಿಂದ ಈ ಸೌಲಭ್ಯವಿದೆ. ಆಮೇಲೆ ಮೇಲ್‌ನಲ್ಲಿರಲಿ, ಇಮ್ಯಾಕ್ಸ್‌ನ ಟಿಪ್ಪಣಿ ವ್ಯವಸ್ಥೆಯಾದ ಆರ್ಗ್‌ನ ಕಡತದಲ್ಲಿರಲಿ, ಯೂಟ್ಯೂಬ್ ಕೊಂಡಿ ತೆರೆದರೆ ಎಂಪಿವಿ ಎದ್ದು ಬರುತ್ತದೆ. ಉಳಿದ ಕೊಂಡಿಗಳು ಎಂದಿನಂತೆ ಬ್ರೌಸರ್‌ಗೆ ಹೋಗುತ್ತವೆ.

ಬೇಡದ ವಿಡಿಯೊಗಳ ಕಾಟಕ್ಕೆ ಮದ್ದು ಎಲ್ಫೀಡ್ ಎಂಬ ಫೀಡ್ ಓದುವ ಪ್ಯಾಕೇಜ್. ಯೂಟ್ಯೂಬ್‌ನ ಪ್ರತಿ ಚಾನೆಲ್‌ಗೂ ಒಂದು ಫೀಡ್, ಅಂದರೆ ಹೊಸ ವಿಡಿಯೊಗಳ ಪಟ್ಟಿ, ಇದೆ. ಚಾನೆಲ್‌ನ ಐಡಿ ಹಾಕಿ ಅದರ ವಿಳಾಸವನ್ನು ಎಲ್ಫೀಡ್‌ಗೆ ಕೊಟ್ಟರೆ ಇತ್ತೀಚಿನ 15 ವಿಡಿಯೊಗಳ ಶೀರ್ಷಿಕೆಗಳು ಸಾಲಾಗಿ ಬರುತ್ತವೆ. ಬಾಯಿ ತೆರೆದ ಮುಖಗಳ ಥಂಬ್‌ನೇಲ್ ಇಲ್ಲ, ಶಿಫಾರಸು ಇಲ್ಲ, ಒಂದು ಮುಗಿಯುತ್ತಿದ್ದಂತೆ ತಾನಾಗಿ ಶುರುವಾಗುವ ಇನ್ನೊಂದಿಲ್ಲ. ಸಾಲಿನ ಮೇಲೆ ನಿಂತು ಬಿ ಒತ್ತಿದರೆ, ಮೇಲಿನ ವ್ಯವಸ್ಥೆಯಿಂದಾಗಿ ವಿಡಿಯೊ ಎಂಪಿವಿಯಲ್ಲಿ ತೆರೆಯುತ್ತದೆ. ನನ್ನ ಮಟ್ಟಿಗೆ ಈ ಇಡೀ ಸಾಹಸಕ್ಕೆ ಇದೊಂದೇ ಕಾರಣ ಸಾಕು.

ಪಾಠಗಳನ್ನು ನೋಡುವವರಿಗೆ ಇದಕ್ಕಿಂತ ದೊಡ್ಡ ಲಾಭವೊಂದಿದೆ. ಎಂಪಿವಿಯನ್ನು ಹೊರಗಿನಿಂದ ನಿಯಂತ್ರಿಸಲು ಸಾಕೆಟ್ ಒಂದನ್ನು ತೆರೆದಿಡಬಹುದು. ಅದರ ಮೂಲಕ ಜೇಸನ್ ರೂಪದಲ್ಲಿ ಆಜ್ಞೆ ಕಳುಹಿಸಬಹುದು, ವಿಡಿಯೊ ಎಲ್ಲಿಗೆ ಬಂದಿದೆ ಎಂದು ಕೇಳಬಹುದು. ಇದನ್ನು ಕೈಯಾರೆ ಬರೆಯಬೇಕಿಲ್ಲ. ಎಂಪಿವಿ ಎಂಬ ಹೆಸರಿನ ಇಮ್ಯಾಕ್ಸ್ ಪ್ಯಾಕೇಜ್ ಈ ಸಂಪರ್ಕವನ್ನು ನೋಡಿಕೊಳ್ಳುತ್ತದೆ. ನಿಮ್ಮ ಫಂಕ್ಷನ್‌ನಲ್ಲಿ ಸ್ಟಾರ್ಟ್-ಪ್ರೊಸೆಸ್ ಬದಲು ಈ ಪ್ಯಾಕೇಜ್‌ನ ಫಂಕ್ಷನ್ ಕರೆಯಿರಿ, ಇಲ್ಲದಿದ್ದರೆ ಓಡುತ್ತಿರುವ ಪ್ಲೇಯರ್ ಅದರ ಹಿಡಿತಕ್ಕೆ ಸಿಗುವುದಿಲ್ಲ. ಈಗ ಅರ್ಧ ಪರದೆಯಲ್ಲಿ ಪಾಠ, ಇನ್ನರ್ಧದಲ್ಲಿ ಆರ್ಗ್ ಟಿಪ್ಪಣಿ. ಕರ್ಸರ್ ಟಿಪ್ಪಣಿಯಲ್ಲೇ ಇರುವಾಗ ಒಂದು ಕೀಲಿಯಿಂದ ವಿಡಿಯೊ ನಿಲ್ಲಿಸಿ, ಇನ್ನೊಂದರಿಂದ ಆ ಕ್ಷಣದ ಸಮಯವನ್ನು ಸಾಲಿನಲ್ಲಿ ನಮೂದಿಸಿ, ಪಕ್ಕದಲ್ಲಿ ನಿಮ್ಮ ಮಾತು ಬರೆಯಬಹುದು. ಮುಂದೆ ಅದೇ ವಿಡಿಯೊ ಓಡುತ್ತಿರುವಾಗ ಆ ಸಮಯದ ಮೇಲೆ ಕರ್ಸರ್ ಇಟ್ಟು ಆಜ್ಞೆ ಕೊಟ್ಟರೆ ಅಲ್ಲಿಗೇ ಜಿಗಿಯುತ್ತದೆ. ಎಲ್ಫೀಡ್-ಟ್ಯೂಬ್ ಎಂಬ ಪ್ಯಾಕೇಜ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ವಿಡಿಯೊದ ಉಪಶೀರ್ಷಿಕೆಯನ್ನೇ ಪಠ್ಯವಾಗಿ ಎಲ್ಫೀಡ್ ಒಳಗೆ ತಂದಿಡುತ್ತದೆ. ಒಂದು ಗಂಟೆಯ ಉಪನ್ಯಾಸದಲ್ಲಿ ಬೇಕಾದ ಮಾತನ್ನು ಕಂಟ್ರೋಲ್-ಎಸ್ ಒತ್ತಿ ಹುಡುಕುವ ಸುಖ ಬ್ರೌಸರ್‌ನಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಇಷ್ಟಾದರೂ ಚಿತ್ರ ಒಳಗೇ ಬೇಕೆನ್ನುವವರಿಗೆ ಎರಡು ದಾರಿಗಳಿವೆ. 2016ರ 25.1ನೇ ಆವೃತ್ತಿಯಲ್ಲಿ ಬಂದ ಎಕ್ಸ್‌ವಿಜೆಟ್ ಸೌಲಭ್ಯ ಬಫರ್‌ನೊಳಗೆ (ಇಮ್ಯಾಕ್ಸ್ ಪಠ್ಯವನ್ನು ತೆರೆದಿಡುವ ಜಾಗ) ವೆಬ್‌ಕಿಟ್ ಬ್ರೌಸರ್ ಕೂರಿಸುತ್ತದೆ. ಆದರೆ ಇಮ್ಯಾಕ್ಸ್ ಕಟ್ಟುವಾಗಲೇ ಅದನ್ನು ಸೇರಿಸಿರಬೇಕು. ಅಲ್ಲದೆ ಬ್ರೌಸರ್ ಬೇಡವೆಂದು ಬಂದವರು ಅದನ್ನೇ ಒಳಗೆ ಕರೆದಂತಾಗುತ್ತದೆ. ನಾನು ಸಲಹೆ ಮಾಡುವುದಿಲ್ಲ. ಇನ್ನೊಂದು ಇಎಕ್ಸ್‌ಡಬ್ಲ್ಯುಎಂ: ಇಮ್ಯಾಕ್ಸ್ ಇಡೀ ಡೆಸ್ಕ್‌ಟಾಪ್‌ನ ಕಿಟಕಿ ನಿರ್ವಾಹಕನಾಗಿ, ಎಂಪಿವಿಯ ಕಿಟಕಿಯೂ ಒಂದು ಬಫರ್ ಆಗುತ್ತದೆ. ಸೊಗಸಾಗಿದೆ, ಆದರೆ ಲಿನಕ್ಸ್‌ನ ಹಳೆಯ ಪರದೆ ವ್ಯವಸ್ಥೆಯಾದ ಎಕ್ಸ್11ನಲ್ಲಿ ಮಾತ್ರ, ಹೊಸದಾದ ವೇಲ್ಯಾಂಡ್ ಬಳಸುವವರಿಗಿಲ್ಲ.

ವಿಡಿಯೊ ತೆರೆಯದಿದ್ದರೆ ಮೊದಲು ವೈಟಿ-ಡಿಎಲ್‌ಪಿ ಮೇಲೆ ಅನುಮಾನಪಡಿ. ಯೂಟ್ಯೂಬ್ ತನ್ನ ಒಳವ್ಯವಸ್ಥೆ ಬದಲಿಸಿದಾಗಲೆಲ್ಲ ಹಳೆಯ ಆವೃತ್ತಿ ಕೈಕೊಡುತ್ತದೆ. 2025ರ ಕೊನೆಯಿಂದ ಯೂಟ್ಯೂಬ್ ಪೂರ್ಣವಾಗಿ ಕೆಲಸ ಮಾಡಬೇಕಾದರೆ ವೈಟಿ-ಡಿಎಲ್‌ಪಿ ಜೊತೆಗೆ ಡೆನೊದಂಥ ಜಾವಾಸ್ಕ್ರಿಪ್ಟ್ ರನ್‌ಟೈಮ್ ಕೂಡ ಬೇಕು. ಮ್ಯಾಕ್‌ನಲ್ಲಿ ಐಕಾನ್ ಒತ್ತಿ ತೆರೆದ ಇಮ್ಯಾಕ್ಸ್‌ಗೆ ಟರ್ಮಿನಲ್‌ನ ಪಾತ್, ಅಂದರೆ ಪ್ರೋಗ್ರಾಂಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ, ಗೊತ್ತಿರುವುದಿಲ್ಲ. ಎಂಪಿವಿ ಇರುವ ಫೋಲ್ಡರ್ ಅನ್ನು ಎಕ್ಸೆಕ್-ಪಾತ್ ಎಂಬ ಇಮ್ಯಾಕ್ಸ್ ವೇರಿಯಬಲ್‌ಗೆ ಸೇರಿಸಿ, ಎಂಪಿವಿಗೆ ವೈಟಿ-ಡಿಎಲ್‌ಪಿ ಸಿಗಲು ಪಾತ್ ಎನ್ವಿರಾನ್ಮೆಂಟ್ ವೇರಿಯಬಲ್ ಅನ್ನೂ ಸರಿಪಡಿಸಿ. ನೆಟ್‌ಫ್ಲಿಕ್ಸ್‌ನಂಥ ಡಿಆರ್‌ಎಂ ಬೀಗವಿರುವ ಸೇವೆಗಳು ಈ ದಾರಿಯಲ್ಲಿ ತೆರೆಯುವುದಿಲ್ಲ. ಅವುಗಳಿಗೆ ಬ್ರೌಸರ್ ಅಥವಾ ಆಯಾ ಸೇವೆಯ ಆ್ಯಪ್ ಬೇಕೇ ಬೇಕು.