ಜೆಟ್ ಹೊತ್ತಲು ಕಿಡಿಗೆ ಬೇಕಾದ್ದು ವೋಲ್ಟೇಜ್ ಅಲ್ಲ, ಜಾಗ

ಕಾರಿನ ಎಂಜಿನ್ನಿಗೆ ಗಾಳಿ ಅದುಮುವ ಹಳೆಯ ಟರ್ಬೊಚಾರ್ಜರ್‌ಗೆ ದಹನಕೋಠಿ ಜೋಡಿಸಿ ಮನೆಯಲ್ಲೇ ಜೆಟ್ ಎಂಜಿನ್ ಕಟ್ಟುವ ಹವ್ಯಾಸಿಗಳು, ಅದು ಹೊತ್ತಿಕೊಳ್ಳದಿದ್ದರೆ ಮೊದಲು ಹುಡುಕುವುದು ಹೆಚ್ಚು ವೋಲ್ಟೇಜಿನ ಕಾಯಿಲನ್ನು (ಬ್ಯಾಟರಿಯ ವೋಲ್ಟೇಜನ್ನು ಕಿಡಿ ಹಾರುವಷ್ಟಕ್ಕೆ ಏರಿಸುವ ತಂತಿಸುರುಳಿ). ಬಹುಪಾಲು ಅದು ದಂಡದ ಖರ್ಚು. ಕಾರಿನ ಮಾಮೂಲಿ ಕಾಯಿಲೇ 20,000 ವೋಲ್ಟ್ ದಾಟುತ್ತದೆ. ಎಡವಟ್ಟು ಇರುವುದು ಸ್ಪಾರ್ಕ್ ಪ್ಲಗ್ಗಿನ ಗ್ಯಾಪಿನಲ್ಲಿ, ಅಂದರೆ ಕಿಡಿ ಹಾರುವ ಎರಡು ಲೋಹದ ತುದಿಗಳ ನಡುವಿನ ಅಂತರದಲ್ಲಿ.

ಕಾರಿನ ಪ್ಲಗ್ಗಿಗೆ 0.7ರಿಂದ 1 ಮಿ.ಮೀ. ಗ್ಯಾಪ್ ಇಡುವುದು ಸಿಲಿಂಡರಿನಲ್ಲಿ ಗಾಳಿ ಬಿಗಿಯಾಗಿ ಅದುಮಿರುತ್ತದೆ ಎಂಬ ಕಾರಣಕ್ಕೆ. ಕಿಡಿ ಹಾರಲು ಬೇಕಾದ ವೋಲ್ಟೇಜನ್ನು ಒತ್ತಡ ಮತ್ತು ಗ್ಯಾಪಿನ ಗುಣಲಬ್ಧ ನಿರ್ಧರಿಸುತ್ತದೆಂದು 1889ರಲ್ಲಿ ಜರ್ಮನ್ ಭೌತವಿಜ್ಞಾನಿ ಫ್ರೀಡ್ರಿಶ್ ಪಾಶೆನ್ ತೋರಿಸಿದ. ಆದರೆ ಸ್ಟಾರ್ಟ್ ಆಗುವಾಗ ಜೆಟ್ಟಿನೊಳಗಿನ ಒತ್ತಡ ಹೊರಗಿನದಕ್ಕಿಂತ ತುಸುವೇ ಹೆಚ್ಚು. ಅಲ್ಲಿ ಮಿಲಿಮೀಟರಿಗೆ ಸುಮಾರು 3,000 ವೋಲ್ಟ್ ಸಾಕು. ಉಳಿದ ವೋಲ್ಟೇಜ್ ಕಾಯಿಲಿನಲ್ಲಿ ಸುಮ್ಮನೆ ಬಿದ್ದಿರುತ್ತದೆ.

ಇನ್ನೊಂದು ಕಡೆ, ಕಿರಿದಾದ ಗ್ಯಾಪಿನಿಂದ ನಷ್ಟವೂ ಇದೆ. ಕಿಡಿಯಿಂದ ಹುಟ್ಟುವ ಪುಟ್ಟ ಜ್ವಾಲೆಗೆ ಎರಡೂ ಬದಿಯಲ್ಲಿ ತಣ್ಣನೆಯ ಲೋಹ. ಒಲೆಯಿಂದ ಹೊರತೆಗೆದ ಒಂಟಿ ಕೆಂಡದಂತೆ, ಅದು ಹುಟ್ಟಿಸುವ ಶಾಖಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚಾಗಿ ಆರಿಹೋಗುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ 1815ರಲ್ಲಿ ಗಣಿ ಕಾರ್ಮಿಕರ ದೀಪಕ್ಕೆ ತಂತಿಯ ಜಾಲರಿ ಸುತ್ತಿದ್ದು ಇದನ್ನೇ ನಂಬಿ: ಕಿರುರಂಧ್ರಗಳಲ್ಲಿ ಜ್ವಾಲೆ ಶಾಖ ಕಳೆದುಕೊಂಡು ಸಾಯುತ್ತದೆ, ಹೊರಗಿನ ಅನಿಲಕ್ಕೆ ತಗಲುವುದಿಲ್ಲ. ಮಾಮೂಲಿ ಒತ್ತಡದ ಪ್ರೊಪೇನ್-ಗಾಳಿ ಮಿಶ್ರಣದಲ್ಲಿ ಜ್ವಾಲೆ ಬದುಕಲು ಬೇಕಾದ ಕನಿಷ್ಠ ಅಂತರದ ಮಿತಿ ಹೆಚ್ಚುಕಮ್ಮಿ 2 ಮಿ.ಮೀ. ಅಂದರೆ ಕಾರಿನ ಗ್ಯಾಪನ್ನು ಹಾಗೇ ಬಿಟ್ಟರೆ, ಡೇವಿಯ ಜಾಲರಿಯೊಳಗೇ ಬೆಂಕಿ ಹಚ್ಚಲು ಹೊರಟಂತೆ! ಒತ್ತಡ ಏರಿದರೆ ಈ ಮಿತಿ ಕುಗ್ಗುವುದರಿಂದಲೇ ಕಾರಿನಲ್ಲಿ ಅದೇ ಪ್ಲಗ್ ಚೆನ್ನಾಗಿ ನಡೆಯುತ್ತದೆ.

ಹಾಗಾಗಿ ಬದಿಯ ಎಲೆಕ್ಟ್ರೋಡನ್ನು ಮೆಲ್ಲಗೆ ಬಗ್ಗಿಸಿ ಗ್ಯಾಪನ್ನು 2.5ರಿಂದ 3 ಮಿ.ಮೀ.ಗೆ ತನ್ನಿ. ನಡುವಿನ ಪಿಂಗಾಣಿಗೆ ಒತ್ತುಕೊಟ್ಟು ಮೀಟಬೇಡಿ, ಬಿರುಕು ಬಿಡುತ್ತದೆ. 5 ಮಿ.ಮೀ. ದಾಟಿದರೆ ಕಿಡಿ ಮಸಿ ಹಿಡಿದ ಪಿಂಗಾಣಿಯ ಮೇಲೋ ವೈರಿನ ಸೀಳಿನಲ್ಲೋ ಅಡ್ಡದಾರಿ ಹಿಡಿಯಬಹುದು.

ಇನ್ನು ಶಕ್ತಿ. 3 ಓಮ್ ರೋಧ, 8 ಮಿಲಿಹೆನ್ರಿ ಇಂಡಕ್ಟನ್ಸಿನ (ಕಾಂತಕ್ಷೇತ್ರದಲ್ಲಿ ಶಕ್ತಿ ಹಿಡಿದಿಡುವ ಗುಣ) ಕಾಯಿಲಿಗೆ 12 ವೋಲ್ಟ್ ಕೊಟ್ಟರೆ ಕರೆಂಟ್ 4 ಆಂಪಿಯರಿಗೆ ಏರಿ, 64 ಮಿಲಿಜೂಲ್ ತುಂಬಿಕೊಳ್ಳುತ್ತದೆ. ಏರಲು ಸಮಯ ಬೇಕು: 8 ಮಿಲಿಸೆಕೆಂಡ್ ಕೊಟ್ಟರೆ 58 ಮಿಲಿಜೂಲ್, 1 ಮಿಲಿಸೆಕೆಂಡ್ ಕೊಟ್ಟರೆ ಬರೀ 6. ಕರೆಂಟನ್ನು ಆನ್-ಆಫ್ ಮಾಡಿಸುವ 555 ಟೈಮರ್ ಚಿಪ್ಪನ್ನು ಸೆಕೆಂಡಿಗೆ 500 ಕಿಡಿ, ಅಂದರೆ 500 ಹರ್ಟ್ಸ್‌ಗೆ ಇಟ್ಟು ‘ಕಿಡಿ ಎಷ್ಟು ದಟ್ಟ’ ಎಂದು ಹಿಗ್ಗುವವರು ಕಾಯಿಲಿನ ಹೊಟ್ಟೆ ತುಂಬುವ ಮೊದಲೇ ತಟ್ಟೆ ಎಳೆಯುತ್ತಿರುತ್ತಾರೆ. ಸೆಕೆಂಡಿಗೆ 60 ಕಿಡಿ ಸಾಕು.

ಕಾಯಿಲಿನ ಕರೆಂಟ್ ಕಡಿಯುವ ಸ್ವಿಚ್ ಆಗಿ ಐಆರ್‌ಎಫ್‌ಝಡ್44 ಮಾಸ್ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಹಾಕುವುದೂ ಸಾಮಾನ್ಯ ತಪ್ಪು. ಅದು ತಡೆಯುವುದು 55-60 ವೋಲ್ಟ್ ಮಾತ್ರ. ಕಾಯಿಲಿನ ಎರಡು ಸುರುಳಿಗಳ ಸುತ್ತುಗಳ ಅನುಪಾತ 100 ಇದ್ದರೆ ಹೊರಗೆ ಅದರ ನೂರರಷ್ಟು, ಅಂದರೆ 6,000 ವೋಲ್ಟಿಗಿಂತ ಹೆಚ್ಚು ಸಿಗದು, 3 ಮಿ.ಮೀ.ಗೆ ಬೇಕಾದ್ದು 9,000. ಕಾರಿನ ಇಗ್ನಿಷನ್‌ಗೆಂದೇ ಬರುವ, 350-400 ವೋಲ್ಟ್ ತಾಳುವ ಐಜಿಬಿಟಿ ಎಂಬ ಟ್ರಾನ್ಸಿಸ್ಟರ್ ಹಾಕಿ.

ಪ್ಲಗ್ ಕೂರಿಸುವ ಜಾಗ ದಹನಕೋಠಿಯಲ್ಲಿ ಗಾಳಿ ಸುಳಿಯಾಗಿ ತಿರುಗುವ ಮುಂಭಾಗದಲ್ಲಿರಲಿ. ಸೆಕೆಂಡಿಗೆ 20 ಮೀಟರ್ ವೇಗದ ನೇರ ಗಾಳಿ, 1.5 ಮಿಲಿಸೆಕೆಂಡಿನಲ್ಲಿ ಎಳೆಯ ಜ್ವಾಲೆಯನ್ನು 3 ಸೆಂ.ಮೀ. ಆಚೆ ಒಯ್ದುಬಿಡುತ್ತದೆ. ಮೊದಲು ಗ್ಯಾಸಿನಿಂದ ಹಚ್ಚಿ, ಉಕ್ಕು ಕಾದ ಮೇಲೆ ಸೀಮೆಎಣ್ಣೆ ಬಿಡಿ. ತಣ್ಣನೆಯ ಹನಿಗಳನ್ನು ಆವಿಯಾಗಿಸುವಷ್ಟು ಶಕ್ತಿ ಈ ಕಿಡಿಗಿಲ್ಲ. ಉರಿ ನಿಂತ ಮೇಲೆ ಕಿಡಿ ಆರಿಸಿ. ಎರಡನೇ ಮಹಾಯುದ್ಧದ ಜರ್ಮನಿಯ ವಿ-1 ಹಾರುಬಾಂಬಿನ ಪಲ್ಸ್‌ಜೆಟ್ಟಿಗೂ ಪ್ಲಗ್ ಬೇಕಿದ್ದದ್ದು ಸ್ಟಾರ್ಟ್ ಮಾಡಲಷ್ಟೇ.

ಐದಾರು ಸೆಕೆಂಡಿನಲ್ಲಿ ಹೊತ್ತದಿದ್ದರೆ ಇಂಧನವನ್ನೂ ಕಿಡಿಯನ್ನೂ ನಿಲ್ಲಿಸಿ, ತಳದ ಡ್ರೈನ್ ತೆರೆದು, ಬರೀ ಗಾಳಿ ಊದಿ ಒಳಗನ್ನು ಒಣಗಿಸಿ. 1937ರ ಏಪ್ರಿಲ್ 12ರಂದು ಇಂಗ್ಲೆಂಡಿನ ರಗ್ಬಿಯಲ್ಲಿ ಜೆಟ್ ಎಂಜಿನ್ನಿನ ಜನಕರಲ್ಲೊಬ್ಬನಾದ ಫ್ರಾಂಕ್ ವಿಟಲ್‌ನ ಮೊದಲ ಎಂಜಿನ್, ಇಂಧನದ ವಾಲ್ವ್ ಮುಚ್ಚಿದರೂ ಕಿರುಚುತ್ತ ವೇಗ ಏರಿಸಿಕೊಂಡದ್ದು ಒಳಗೆ ಸೋರಿ ಮಡುಗಟ್ಟಿದ್ದ ಇಂಧನದಿಂದ.